ಈಗ ಭಾರ ಯಾವುದರ ಮೇಲಿದೆ? ಮನೆಯಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸುವವರಿಗೆ

(ಕೋಲಾರದಲ್ಲಿ ಕಾರು ಕೆಲಸ ಕಲಿಯುತ್ತಿರುವವರು ಮತ್ತು ಮನೆಯಲ್ಲೇ ತಮ್ಮ ಗಾಡಿ ನೋಡಿಕೊಳ್ಳುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಬಹುದಾ ಅಂತ ಕೇಳುತ್ತೀರಿ. ಕೆಲವು ಕಾರುಗಳಲ್ಲಿ ಇಳಿಸಬಹುದು. ಆದರೆ ಕೆಲಸ ಶುರುವಾದ ಗಳಿಗೆಯಿಂದ ಮುಗಿಯುವ ತನಕ ಒಂದು ಪ್ರಶ್ನೆ ನಿಮ್ಮ ಬಾಯಲ್ಲಿರಬೇಕು. ಈಗ ಭಾರ ಯಾವುದರ ಮೇಲಿದೆ? ಯಾವ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೂ ಮೊದಲು ಇದನ್ನು ಕೇಳಿಕೊಳ್ಳಿ. ಈ ಬೋಲ್ಟು ಏನನ್ನು ಹೊತ್ತಿದೆ? ಇದು ಬಿಚ್ಚಿದ ಮೇಲೆ ಆ ಭಾರ ಎಲ್ಲಿಗೆ ಹೋಗುತ್ತದೆ? ಉತ್ತರ ಗೊತ್ತಿಲ್ಲದಿದ್ದರೆ ಸ್ಪ್ಯಾನರ್ ಕೆಳಗಿಡಿ.

ಈ ಕೆಲಸದಲ್ಲಿ ನಾಲ್ಕು ಭಾರಗಳಿವೆ. ಕಾರಿನದು ಒಂದು. ಎಂಜಿನ್ನಿನದು ಒಂದು. ಗೇರ್‌ಬಾಕ್ಸಿನದು ಒಂದು. ಅದರ ಹೊಟ್ಟೆಯಲ್ಲಿ ಕೂತು ಎಂಜಿನ್ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರಿನದು ಇನ್ನೊಂದು. ಜನ ಮೊದಲನೆಯದನ್ನು ನೆನಪಿಡುತ್ತಾರೆ. ಉಳಿದ ಮೂರನ್ನು ಮರೆಯುತ್ತಾರೆ. ಪೆಟ್ಟು ಬೀಳುವುದು ಅಲ್ಲಿಂದ.

ಇಳಿಸುವುದಕ್ಕೆ ಮುಂಚೆ ಬೇರೆ ಮಾತು. ನಿಜಕ್ಕೂ ಇಳಿಸಬೇಕಾ? ಗೇರ್ ಬೀಳುವಾಗ ಜರ್ಕ್ ಹೊಡೆದರೆ, ಎಳೆತ ಕಡಿಮೆಯಾದರೆ, ಗೇರ್‌ಬಾಕ್ಸ್ ಹೋಯ್ತು ಅಂತ ತೀರ್ಮಾನ ಮಾಡಿಬಿಡುತ್ತೇವೆ. ಮಾಲೂರಿನಿಂದ ಒಬ್ಬರು ಹಾಗೇ ಕಾರು ತಂದಿದ್ದರು. ಗೇರ್‌ಬಾಕ್ಸ್ ಬದಲಿಸಲೇಬೇಕು ಅಂತ ಯಾರೋ ಹೇಳಿದ್ದರಂತೆ. ನೋಡಿದರೆ ಬ್ಯಾಟರಿಯ ಅರ್ಥ್ ವೈರು ತುಕ್ಕು ಹಿಡಿದು ಸಡಿಲವಾಗಿತ್ತು. ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಸರಿಯಾಗಿ ಕರೆಂಟು ಹೋಗುತ್ತಿರಲಿಲ್ಲ. ಹಾಗಾಗಿ ಮೊದಲು ಸ್ಕ್ಯಾನರ್ ಹಾಕಿ ಕೋಡ್ ಓದಿ. ಆಯಿಲ್ ಮಟ್ಟ ನೋಡಿ. ಒಂದು ಹನಿ ಬಿಳಿ ಕಾಗದದ ಮೇಲೆ ಹಾಕಿ ಬಣ್ಣ, ವಾಸನೆ ನೋಡಿ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿರುವ ಸಾಧ್ಯತೆ ಜಾಸ್ತಿ. ಎಂಜಿನ್, ಗೇರ್‌ಬಾಕ್ಸನ್ನು ಕಾರಿನ ಮೈಗೆ ಹಿಡಿದಿಡುವ ಮೌಂಟಿನ ರಬ್ಬರ್ ಹರಿದಿದ್ದರೂ ಜರ್ಕ್ ಹೊಡೆಯುತ್ತದೆ. ಎಷ್ಟೋ ಕಾರುಗಳಲ್ಲಿ ಒಳಗಿನ ಆಯಿಲ್ ಹರಿವನ್ನು ತೆರೆದು ಮುಚ್ಚುವ ಸೊಲೆನಾಯ್ಡ್, ವಾಲ್ವ್ ಬಾಡಿ ಕೆಲಸವನ್ನು ಗೇರ್‌ಬಾಕ್ಸ್ ಇಳಿಸದೆ, ಕೆಳಗಿನ ಪ್ಯಾನ್ ಬಿಚ್ಚಿಯೇ ಮಾಡಬಹುದು. ಇದೆಲ್ಲ ಮುಗಿದ ಮೇಲೂ ದೋಷ ಒಳಗೇ ಇದೆ ಅಂತ ಖಚಿತವಾದರೆ ಮಾತ್ರ ಮುಂದಿನ ಮಾತು.

ನಿಮ್ಮ ಕಾರಿನಲ್ಲಿರುವುದು ಯಾವ ಬಗೆಯ ಆಟೋಮ್ಯಾಟಿಕ್ ಅಂತಲೂ ತಿಳಿಯಬೇಕು. 2014ರಲ್ಲಿ ಮಾರುತಿಯ ಸೆಲೆರಿಯೊ ಬಂದ ಮೇಲೆ ನಮ್ಮ ಕಡೆ ಎಎಂಟಿ ಕಾರುಗಳು ತುಂಬಿಕೊಂಡವು. ಎಎಂಟಿ ಅಂದರೆ ಒಳಗೆ ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್. ಕ್ಲಚ್ ಒತ್ತುವುದು, ಗೇರ್ ಹಾಕುವುದು ಮಾತ್ರ ಯಂತ್ರ. ಅದರಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಡಿಸಿಟಿಯಲ್ಲಿ ಎರಡು ಕ್ಲಚ್. ಸಿವಿಟಿಯಲ್ಲಿ ಬೆಲ್ಟು, ಪುಲ್ಲಿ. ನಾನು ಇವತ್ತು ಮಾತಾಡುವುದು ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್ ಬಗ್ಗೆ. ಬಹಳಷ್ಟು ಸಿವಿಟಿಗಳಲ್ಲೂ ಕನ್ವರ್ಟರ್ ಇರುತ್ತದೆ.

ಈ ಕನ್ವರ್ಟರ್ ನಮ್ಮ ಜಿಲ್ಲೆಗೆ ಹೊಸದಲ್ಲ. ದ್ರವದ ಮೂಲಕ ಶಕ್ತಿ ದಾಟಿಸುವ ಈ ಉಪಾಯಕ್ಕೆ ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ. ಕೆಜಿಎಫ್‌ನಲ್ಲಿ ಬೆಮೆಲ್ ಕಾರ್ಖಾನೆ ಕಟ್ಟುವ ಬುಲ್‌ಡೋಜರುಗಳಲ್ಲೂ ಇದೇ ತತ್ವ. ಅಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಕೂತಿರಬಹುದು. ಮನೆಯಲ್ಲಿ ಹಿರಿಯರಿದ್ದರೆ ಭಾರ ಎತ್ತುವ ಶಿಸ್ತಿನ ಬಗ್ಗೆ ಒಮ್ಮೆ ಕೇಳಿ. ನನಗಿಂತ ಚೆನ್ನಾಗಿ ಹೇಳುತ್ತಾರೆ.

ಬೋರ್‌ವೆಲ್ ಪಂಪಿನ ಇಂಪೆಲ್ಲರ್ ನೀವೆಲ್ಲ ನೋಡಿದ್ದೀರಿ. ಅದು ತಿರುಗಿ ನೀರನ್ನು ತಳ್ಳುತ್ತದೆ. ಅಂಥದ್ದೇ ಒಂದು ಇಂಪೆಲ್ಲರ್ ಎಂಜಿನ್ ಕಡೆಯಿಂದ ತಿರುಗಿ ಆಯಿಲನ್ನು ಎದುರಿನ ಇನ್ನೊಂದು ಚಕ್ರದ ಮೇಲೆ ಎಸೆದರೆ ಆ ಚಕ್ರವೂ ತಿರುಗುತ್ತದೆ. ಗೇರ್‌ಬಾಕ್ಸಿಗೆ ಎಂಜಿನ್ ಶಕ್ತಿ ಹೋಗುವುದು ಹೀಗೆ. ಇವೆರಡನ್ನೂ ಸೇರಿಸಿ ಮುಚ್ಚಿದ ಉಕ್ಕಿನ ಡಬ್ಬಿಯೇ ಕನ್ವರ್ಟರ್. ಆಯಿಲ್ ತುಂಬಿದಾಗ ಅದೊಂದೇ ಒಳ್ಳೆ ಭಾರ ಇರುತ್ತದೆ. ಇಡೀ ಗೇರ್‌ಬಾಕ್ಸ್ ಸೇರಿದರೆ ಸಾಮಾನ್ಯವಾಗಿ 60ರಿಂದ 90 ಕಿಲೊ. ದೊಡ್ಡ ಗಾಡಿಗಳಲ್ಲಿ ಇನ್ನೂ ಜಾಸ್ತಿ.

ಈಗ ಜಾಗ. ಇದರ ಬಗ್ಗೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಮ್ಮ ಮನೆಗಳಲ್ಲಿ ಕಾರು ನಿಲ್ಲಿಸುವುದು ಮುಂದಿನ ಪೋರ್ಟಿಕೋದಲ್ಲಿ. ಅದರ ಕೆಳಗೆ ಏನಿರುತ್ತದೆ? ಎಷ್ಟೋ ಮನೆಗಳಲ್ಲಿ ನೀರಿನ ಸಂಪು. ಕಾರು ನಾಲ್ಕು ಚಕ್ರದ ಮೇಲೆ ನಿಂತಾಗ ಭಾರ ಹಂಚಿಹೋಗಿರುತ್ತದೆ. ಜಾಕ್ ಸ್ಟ್ಯಾಂಡ್ ಮೇಲೆ ನಿಂತಾಗ ಅದೇ ಭಾರ ಅಂಗೈಯಗಲದ ಜಾಗಕ್ಕೆ ಇಳಿಯುತ್ತದೆ. ಸಂಪಿನ ಸ್ಲ್ಯಾಬ್ ಮೇಲೆ, ಅದರ ಮುಚ್ಚಳದ ಹತ್ತಿರ ಸ್ಟ್ಯಾಂಡ್ ಇಡಲೇಬಾರದು. ಪೋರ್ಟಿಕೋ ನೆಲ ರಸ್ತೆ ಕಡೆಗೆ ಇಳಿಜಾರು ಇರುತ್ತದೆ. ನೀರು ಹರಿದುಹೋಗಲಿ ಅಂತ ಮೇಸ್ತ್ರಿ ಹಾಗೆ ಕಟ್ಟಿರುತ್ತಾನೆ. ನಮಗೆ ಅದೇ ಅಪಾಯ. ನೆಲಕ್ಕೆ ಟೈಲ್ಸ್ ಹಾಕಿದ್ದರೆ ಇನ್ನೂ ಕಷ್ಟ. ಟೈಲ್ಸ್ ಒಡೆಯುತ್ತದೆ. ಆಯಿಲ್ ಬಿದ್ದರೆ ಜಾರುತ್ತದೆ. ಕೆಂಪು ಮಣ್ಣಿನ ಖಾಲಿ ಸೈಟಿನಲ್ಲಿ ಸ್ಟ್ಯಾಂಡಿನ ಕಾಲು ನಿಧಾನಕ್ಕೆ ಒಳಗಿಳಿಯುತ್ತದೆ. ಮಟ್ಟವಾದ ಗಟ್ಟಿ ಕಾಂಕ್ರೀಟ್ ನೆಲ ಇಲ್ಲ ಅಂದರೆ ಈ ಕೆಲಸ ಅಲ್ಲಿ ಮಾಡಬೇಡಿ. ಗೊತ್ತಿರುವವರ ಶೆಡ್ ಕೇಳಿ ಪಡೆಯಿರಿ.

ಇನ್ನು ಕಲ್ಲು. ಕೋಲಾರದಲ್ಲಿ ಕಲ್ಲಿಗೆ ಬರ ಇಲ್ಲ. ಯಾವ ಮನೆ ಮುಂದೆ ನೋಡಿದರೂ ನಾಲ್ಕು ಸೈಜುಗಲ್ಲು ಬಿದ್ದಿರುತ್ತವೆ. ಅದನ್ನೇ ಕಾರಿನ ಕೆಳಗೆ ಕೊಟ್ಟು ಮಲಗುವವರನ್ನು ನೋಡಿದ್ದೇನೆ. ಕಲ್ಲು ಗಟ್ಟಿ ಅಲ್ವಾ, ಏನಾಗುತ್ತದೆ ಅನ್ನುತ್ತಾರೆ. ಕಲ್ಲು ಬಗ್ಗುವುದಿಲ್ಲ, ನಿಜ. ಆದರೆ ಅದು ಮುನ್ಸೂಚನೆ ಕೊಡದೆ ಸೀಳುತ್ತದೆ. ಕಬ್ಬಿಣ ಕಲ್ಲಿನ ಮೇಲೆ ಜಾರುತ್ತದೆ. ಕ್ವಾರಿಯಲ್ಲಿ ಉಳಿ ಹೊಡೆಯುವವರನ್ನು ಕೇಳಿ, ಕಲ್ಲಿಗೆ ಒಂದು ಎಳೆ ಇರುತ್ತದೆ ಅಂತ ಅವರೇ ಹೇಳುತ್ತಾರೆ. ಹಾಲೋ ಬ್ಲಾಕ್, ಇಟ್ಟಿಗೆ ಇನ್ನೂ ಕೆಟ್ಟದು. ಒಂದೇ ಕಡೆ ಒತ್ತಡ ಬಿದ್ದರೆ ಪುಡಿಯಾಗುತ್ತವೆ. ದಯವಿಟ್ಟು ಬೇಡ. ಕಾರಿನ ತೂಕಕ್ಕೆ ತಕ್ಕ, ಪಿನ್ ಹಾಕಿ ಲಾಕ್ ಆಗುವ ಉಕ್ಕಿನ ಸ್ಟ್ಯಾಂಡ್ ತನ್ನಿ. ಬಾಡಿಗೆಗೆ ಸಿಕ್ಕರೂ ಸಾಕು.

ಡಿಕ್ಕಿಯಲ್ಲಿರುವ ಸ್ಕ್ರೂ ಜಾಕ್ ಟೈರ್ ಬದಲಿಸುವುದಕ್ಕೆ ಮಾತ್ರ. ಟ್ರಾಲಿ ಜಾಕ್ ಎತ್ತುವುದಕ್ಕೆ ಮಾತ್ರ. ಅದರ ಒಳಗಿರುವುದು ಆಯಿಲ್ ಮತ್ತು ಒಂದು ರಬ್ಬರ್ ಸೀಲ್. ಸೀಲ್ ಸೋತರೆ ಕಾರು ಇಳಿಯುತ್ತದೆ. ಎತ್ತಿದ ತಕ್ಷಣ ಚಾಸಿಯ ಗಟ್ಟಿ ಜಾಗಕ್ಕೆ ಎರಡು ಕಡೆ ಸ್ಟ್ಯಾಂಡ್ ಕೊಡಿ. ಕಾರನ್ನು ಅದರ ಮೇಲೆ ಕೂರಿಸಿ. ಆಮೇಲೆ ಹೊರಗೆ ನಿಂತು ಎರಡೂ ಕೈಯಿಂದ ಜೋರಾಗಿ ಅಲುಗಾಡಿಸಿ. ನೀವು ಹೊರಗಿರುವಾಗಲೇ ಬೀಳುವುದಿದ್ದರೆ ಬೀಳಲಿ. ಬಿಚ್ಚಿದ ಚಕ್ರಗಳನ್ನು ಎರಡೂ ಬದಿಯ ಅಂಚಿನ ಕೆಳಗೆ ಮಲಗಿಸಿ ಇಡಿ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ. ಪಾರ್ಕ್‌ನಲ್ಲಿ ಹಾಕಿದರೆ ಕಾರು ಹೋಗುವುದಿಲ್ಲ ಅಂದುಕೊಂಡಿದ್ದೇವೆ. ಪಾರ್ಕ್ ಅಂದರೆ ಗೇರ್‌ಬಾಕ್ಸಿನ ಒಳಗೆ ಒಂದು ಕೊಕ್ಕೆ ಹಲ್ಲಿಗೆ ಸಿಕ್ಕಿಕೊಳ್ಳುವುದು. ಆ ತಡೆ ಚಕ್ರಕ್ಕೆ ತಲುಪುವುದು ಆಕ್ಸಲ್ ಮೂಲಕ. ಒಂದು ಕಡೆ ಆಕ್ಸಲ್ ಎಳೆದರೂ ಸಾಕು, ಪಾರ್ಕ್ ಕೆಲಸ ಮಾಡುವುದಿಲ್ಲ. ಅಷ್ಟೇ ಅಲ್ಲ. ಮುಂದಿನ ಚಕ್ರಕ್ಕೆ ಎಳೆತ ಇರುವ ಕಾರಿನಲ್ಲಿ ಮುಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ ಅದು ಸುಮ್ನೆ ತಿರುಗುತ್ತದೆ, ನೆಲದ ಮೇಲಿರುವ ಇನ್ನೊಂದು ಉರುಳುತ್ತದೆ. ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದೇ ಹಾಗೆ. ಆದ್ದರಿಂದ ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಹಿಂದಿನ ಎರಡೂ ಚಕ್ರಗಳಿಗೆ ಮುಂದೆ, ಹಿಂದೆ ಮರದ ತುಂಡು ಕೊಟ್ಟಿರಬೇಕು. ಬಟನ್ ಹ್ಯಾಂಡ್‌ಬ್ರೇಕ್ ಇದ್ದರೆ ಬ್ಯಾಟರಿ ತೆಗೆಯುವ ಮುಂಚೆಯೇ ಹಾಕಿ. ಬ್ಯಾಟರಿ ತೆಗೆದ ಮೇಲೆ ಬಹಳಷ್ಟು ಕಾರುಗಳಲ್ಲಿ ಗೇರ್ ಲಿವರ್ ಪಾರ್ಕ್‌ನಿಂದ ಬರುವುದಿಲ್ಲ. ಮರದ ತುಂಡು ಕೊಟ್ಟ ಮೇಲೆ, ಕರೆಂಟು ಇರುವಾಗಲೇ ನ್ಯೂಟ್ರಲ್‌ಗೆ ತನ್ನಿ.

ಬ್ಯಾಟರಿಯಲ್ಲಿ ಮೈನಸ್ ಮೊದಲು ತೆಗೆಯಿರಿ, ಕೊನೆಗೆ ಹಾಕಿ. ಸ್ಟಾರ್ಟರ್ ಮೋಟರಿಗೆ ಬರುವ ದಪ್ಪ ವೈರಿನಲ್ಲಿ ಕೀ ತೆಗೆದರೂ ಕರೆಂಟು ಇರುತ್ತದೆ. ಗೇರ್‌ಬಾಕ್ಸ್ ಇಳಿಸಬೇಕಾದರೆ ಆ ಮೋಟರ್ ಬಿಚ್ಚಲೇಬೇಕು. ಸ್ಪ್ಯಾನರ್ ಒಂದು ತುದಿ ಅಲ್ಲಿ, ಇನ್ನೊಂದು ತುದಿ ಕಾರಿನ ಮೈಗೆ ತಾಕಿದರೆ ಕಿಡಿ ಹಾರುತ್ತದೆ. ಬೆರಳಲ್ಲಿ ಉಂಗುರ ಇದ್ದರೆ ಅದು ಕ್ಷಣದಲ್ಲಿ ಕಾದು ಮಾಂಸ ಸುಡುತ್ತದೆ. ಉಂಗುರ, ವಾಚು, ಕೊರಳ ಚೈನು ತೆಗೆದಿಡಿ. ಮಣಿಕಟ್ಟಿನ ದಾರ ತೋಳಿನೊಳಗೆ ಸೇರಿಸಿ. ಲುಂಗಿ ಬೇಡ, ಹೆಗಲ ಮೇಲೆ ಟವೆಲ್ ಬೇಡ. ಕಣ್ಣಿಗೆ ಕನ್ನಡಕ ಇರಲಿ. ಅಂಗಾತ ಮಲಗಿದಾಗ ತುಕ್ಕು, ಮಣ್ಣು ನೇರ ಕಣ್ಣಿಗೇ ಬೀಳುತ್ತದೆ.

ಎಂಜಿನ್ ಆರಿಸಿದ ಮೇಲೆ ಕೆಲವು ಗಂಟೆ ಬಿಡಿ. ಕಾರು ಓಡಿದ ಮೇಲೆ ಈ ಆಯಿಲ್ ಸುಮಾರು 80ರಿಂದ 95 ಡಿಗ್ರಿ ಇರುತ್ತದೆ. ಕೈ ಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಡ್ರೈನ್ ನಟ್ಟು ಬಿಚ್ಚಿದರೆ ಬರುವುದು ಪೂರ್ತಿ ಆಯಿಲ್ ಅಲ್ಲ. ಬಹಳಷ್ಟು ಕಾರುಗಳಲ್ಲಿ ಮೂರು, ನಾಲ್ಕು ಲೀಟರ್ ಬರುತ್ತದೆ. ಉಳಿದದ್ದು ಕನ್ವರ್ಟರ್, ಆಯಿಲ್ ತಣ್ಣಗಾಗಿಸುವ ಕೂಲರ್ ಒಳಗೇ ಇರುತ್ತದೆ. ಆಕ್ಸಲ್ ಎಳೆದಾಗ ಆ ತೂತಿನಿಂದ ಮತ್ತೆ ಸುರಿಯುತ್ತದೆ. ತಟ್ಟೆ ಇಟ್ಟುಕೊಂಡಿರಿ. ಬಂದಷ್ಟನ್ನು ಅಳೆದು ಬರೆದಿಡಿ. ಕೂಲರ್ ಪೈಪ್ ಬಿಚ್ಚಿದ ತಕ್ಷಣ ಪೈಪಿನ ಬಾಯಿ ಮುಚ್ಚಿ. ನಮ್ಮ ಊರಿನ ದೂಳು ಒಂದು ಚಿಟಿಕೆ ಒಳಗೆ ಹೋದರೂ ವಾಲ್ವ್ ಸಿಕ್ಕಿಕೊಳ್ಳಬಹುದು.

ಚಕ್ರದ ನಡುವೆ ಇರುವ ಆಕ್ಸಲ್ ನಟ್ಟು ಹಲವು ಕಾರುಗಳಲ್ಲಿ 200 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಇರುತ್ತದೆ. ಅದನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿ. ಸ್ಟ್ಯಾಂಡ್ ಮೇಲೆ ನಿಂತ ಕಾರಿಗೆ ಉದ್ದ ಪೈಪ್ ಹಾಕಿ ಎಳೆದರೆ ಕಾರೇ ಅಲುಗುತ್ತದೆ. ಬ್ರೇಕ್ ಕ್ಯಾಲಿಪರನ್ನು ಅದರ ಪೈಪಿನ ಮೇಲೆ ನೇತಾಡಲು ಬಿಡಬೇಡಿ, ತಂತಿಯಿಂದ ಮೇಲಕ್ಕೆ ಕಟ್ಟಿ. ಎಬಿಎಸ್ ಸೆನ್ಸರ್ ವೈರು ಎಳೆಯದಂತೆ ನೋಡಿ.

ಎರಡನೆಯ ಭಾರ, ಎಂಜಿನ್. ಅಡ್ಡಲಾಗಿ ಕೂತ ಎಂಜಿನ್ನಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಗಂಟು. ಗೇರ್‌ಬಾಕ್ಸ್ ಕಡೆಯ ಮೌಂಟ್ ಇಬ್ಬರನ್ನೂ ಹಿಡಿದಿರುತ್ತದೆ. ಆ ಮೌಂಟ್ ಬಿಚ್ಚಿದರೆ ಎಂಜಿನ್ ಆ ಕಡೆಗೆ ವಾಲುತ್ತದೆ. ಅದಕ್ಕೇ ಮೇಲಿನಿಂದ ಅಡ್ಡ ಸಪೋರ್ಟ್ ಬಾರ್ ಹಾಕಿ, ಎಂಜಿನ್ನಿನ ಎತ್ತುವ ಕೊಕ್ಕೆಗೆ ಚೈನ್ ಬಿಗಿಯಬೇಕು. ಬಾರ್‌ನ ಕಾಲು ಫೆಂಡರ್ ತಗಡಿನ ಮೇಲೆ ಕೂರಬಾರದು, ಅದರ ಒಳಗಿನ ಗಟ್ಟಿ ಅಂಚಿನ ಮೇಲೆ ಕೂರಬೇಕು. ಶೆಡ್ಡಿನ ಶೀಟು ಹಿಡಿದಿರುವ ಪೈಪಿಗೆ, ಮಾವಿನ ಮರದ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಬೇಡಿ. ಆ ಪೈಪ್ ಶೀಟಿನ ಭಾರಕ್ಕೆ ಲೆಕ್ಕ ಹಾಕಿ ಹಾಕಿದ್ದು. ಕೆಳಗಿನಿಂದ ಎಂಜಿನ್ ತಳದ ಆಯಿಲ್ ತಟ್ಟೆಗೆ, ಅಂದರೆ ಆಯಿಲ್ ಸಂಪಿಗೆ, ಜಾಕ್ ಕೊಟ್ಟು ನಿಲ್ಲಿಸುವವರಿದ್ದಾರೆ. ಸಂಪು ಬಗ್ಗುತ್ತದೆ, ಬಿರಿಯುತ್ತದೆ. ನನಗೆ ಆ ದಾರಿ ಒಪ್ಪಿಗೆಯಿಲ್ಲ.

ಕೆಲವು ಕಾರುಗಳಲ್ಲಿ ಎಂಜಿನ್ ಕೆಳಗಿನ ಚೌಕಟ್ಟು, ಅಂದರೆ ಸಬ್‌ಫ್ರೇಮ್, ಇಳಿಸದೆ ಗೇರ್‌ಬಾಕ್ಸ್ ಬರುವುದಿಲ್ಲ. ಅದರ ಜೊತೆಗೆ ಸ್ಟೀರಿಂಗ್ ರ‍್ಯಾಕ್, ಕೆಳಗಿನ ಆರ್ಮ್‌ಗಳು ಎಲ್ಲ ಬರುತ್ತವೆ. ಅಂಥದ್ದನ್ನು ಮನೆಯಲ್ಲಿ ಮಾಡಬೇಡಿ. ಕಿತ್ತಳೆ ಬಣ್ಣದ ದಪ್ಪ ವೈರ್ ಕಂಡರೆ ಅದು ಹೈಬ್ರಿಡ್‌ನ ಹೈ ವೋಲ್ಟೇಜ್. ಜೀವ ಹೋಗುತ್ತದೆ. ಮುಟ್ಟಲೇಬೇಡಿ.

ಈಗ ಕನ್ವರ್ಟರ್. ಮ್ಯಾನ್ಯುವಲ್ ಗೇರ್‌ಬಾಕ್ಸ್ ಇಳಿಸಿ ಅಭ್ಯಾಸ ಇರುವವರು ಎಡವುವುದು ಇಲ್ಲೇ. ಕನ್ವರ್ಟರ್ ಎಂಜಿನ್ ಕಡೆಯ ತೆಳು ಉಕ್ಕಿನ ಫ್ಲೆಕ್ಸ್ ಪ್ಲೇಟಿಗೆ ಬೋಲ್ಟ್ ಆಗಿರುತ್ತದೆ. ಮೂರೋ, ನಾಲ್ಕೋ, ಆರೋ ಬೋಲ್ಟು. ಹೊರಗಿನ ಬೋಲ್ಟುಗಳನ್ನು ಬಿಚ್ಚುವ ಮೊದಲೇ ಇವನ್ನು ಬಿಚ್ಚಬೇಕು. ಸಣ್ಣ ಕಿಟಕಿ ಅಥವಾ ಸ್ಟಾರ್ಟರ್ ತೂತಿನಿಂದ ಒಂದೊಂದೇ ಕಾಣುತ್ತವೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಕೈಯಿಂದ ತಿರುಗಿಸಿ ಮುಂದಿನದನ್ನು ತನ್ನಿ. ಪ್ಲೇಟಿಗೂ ಕನ್ವರ್ಟರಿಗೂ ಸೇರಿಸಿ ಪೇಂಟಿನ ಗುರುತು ಹಾಕಿ. ಇವನ್ನು ಬಿಚ್ಚದೆ ಗೇರ್‌ಬಾಕ್ಸ್ ಎಳೆದರೆ ಕನ್ವರ್ಟರ್ ಎಂಜಿನ್ ಕಡೆಯೇ ಉಳಿಯುತ್ತದೆ. ಆಯಿಲ್ ಮುಖದ ಮೇಲೆ ಸುರಿಯುತ್ತದೆ, ಸೀಲ್ ಹಾಳಾಗುತ್ತದೆ. ಬಿಚ್ಚಿದ ಮೇಲೆ ಕನ್ವರ್ಟರನ್ನು ಹಿಂದಕ್ಕೆ, ಗೇರ್‌ಬಾಕ್ಸ್ ಕಡೆಗೆ ತಳ್ಳಿ. ಅದು ಗೇರ್‌ಬಾಕ್ಸಿನ ಜೊತೆಯೇ ಇಳಿಯಬೇಕು.

ಗೇರ್‌ಬಾಕ್ಸ್ ಹೊರುವ ಜಾಕ್ ಅದರ ಕೆಳಗೆ ಬಂದು, ಭಾರ ತಗೊಂಡು, ಜಾಕಿನ ಬೆಲ್ಟು ಬಿಗಿದ ಮೇಲಷ್ಟೇ ಮೌಂಟ್ ಬಿಚ್ಚಿ. ಎಂಜಿನ್‌ಗೆ ಸೇರಿಸುವ ಬೆಲ್ ಹೌಸಿಂಗ್ ಬೋಲ್ಟುಗಳಲ್ಲಿ ಮೇಲೊಂದು, ಕೆಳಗೊಂದು ಕೊನೆಯ ತನಕ ಇರಲಿ. ಇವುಗಳ ಉದ್ದ ಬೇರೆ ಬೇರೆ. ರಟ್ಟಿನ ಮೇಲೆ ಗೇರ್‌ಬಾಕ್ಸ್ ಚಿತ್ರ ಬರೆದು, ಯಾವ ಜಾಗದ್ದೋ ಅಲ್ಲೇ ಚುಚ್ಚಿಡಿ. ಕೊನೆಗೆ ಬಿಡದೆ ಸತಾಯಿಸಿದರೆ ಸುತ್ತಿಗೆ ತರಬೇಡಿ. ಎಲ್ಲೋ ಒಂದು ಬೋಲ್ಟು ಉಳಿದಿದೆ. ಮೇಲ್ಗಡೆ, ವೈರುಗಳ ಹಿಂದೆ ಹುಡುಕಿ. ಎಲ್ಲ ಬಂದಿದ್ದರೆ ಸಣ್ಣ ಹಾರೆಯಿಂದ ಎರಡೂ ಕಡೆ ಸಮವಾಗಿ ಮೀಟಿದರೆ ಸಾಕು, ಎರಡನ್ನೂ ನೇರವಾಗಿ ಕೂರಿಸುವ ಡವೆಲ್ ಪಿನ್ನಿನಿಂದ ಬಿಡುತ್ತದೆ. ಬಿಟ್ಟ ತಕ್ಷಣ ಕನ್ವರ್ಟರ್ ಹೊರಬರದಂತೆ ಅಡ್ಡಲಾಗಿ ಪಟ್ಟಿ ಕಟ್ಟಿ. ಗೇರ್‌ಬಾಕ್ಸ್ ಸ್ವಲ್ಪ ಮುಂದಕ್ಕೆ ವಾಲಿದರೂ ಅದು ಜಾರಿ ಬರುತ್ತದೆ. ಆ ಹೊತ್ತಿಗೆ ಅದರ ಕೆಳಗೆ ನಿಮ್ಮ ಕೈಯೋ ಮುಖವೋ ಇರುತ್ತದೆ.

ಇಳಿಸುವಾಗ ಇಬ್ಬರು ಬೇಕೇ ಬೇಕು. ಒಬ್ಬರು ಜಾಕ್ ವಾಲ್ವ್ ಮೇಲೆ, ಕೂದಲೆಳೆಯಷ್ಟೇ ತಿರುಗಿಸುತ್ತಾ. ಇನ್ನೊಬ್ಬರು ಪಕ್ಕದಲ್ಲಿ, ಕೆಳಗೆ ಅಲ್ಲ. ಬೀಳತೊಡಗಿದರೆ ಹಿಡಿಯಲು ಹೋಗಬೇಡಿ. ಬಿಡಿ. ಗೇರ್‌ಬಾಕ್ಸಿಗೆ ಬೆಲೆ ಇದೆ, ಇನ್ನೊಂದು ಸಿಗುತ್ತದೆ. ಎದೆ ಮೇಲೆ ಇಳಿಸಿಕೊಂಡು ತೆವಳಿ ಹೊರಬರುವ ಹುಡುಗರಿದ್ದಾರೆ. ಅದನ್ನು ಧೈರ್ಯ ಅಂತ ಯಾರೂ ಹೊಗಳಬೇಡಿ. ಮತ್ತೆ, ಇಳಿದ ಗೇರ್‌ಬಾಕ್ಸ್ ಬಂಪರ್ ಕೆಳಗಿಂದ ಹೊರಬರುವಷ್ಟು ಎತ್ತರ ಇದೆಯಾ ಅಂತ ಮೊದಲೇ ಅಳೆದಿರಬೇಕು. ಇಲ್ಲದಿದ್ದರೆ ಎಲ್ಲ ಸಡಿಲವಾಗಿರುವಾಗ ಕಾರನ್ನು ಇನ್ನಷ್ಟು ಎತ್ತುವ ಆಸೆ ಬರುತ್ತದೆ. ಈ ಹಂತವನ್ನು ಕತ್ತಲಾದ ಮೇಲೆ ಶುರು ಮಾಡಬೇಡಿ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹಣೆಗೆ ಕಟ್ಟುವ ಬ್ಯಾಟರಿ ಲೈಟ್ ಇರಲಿ. ವೈರ್ ಎಳೆದ ಬಲ್ಬ್ ಆಯಿಲ್ ಹತ್ತಿರ ಬೇಡ. ಮಕ್ಕಳನ್ನು ಒಳಗೆ ಕಳಿಸಿ. 108 ಅನ್ನುವ ನಂಬರ್ ಮನೆಯವರಿಗೆಲ್ಲ ಗೊತ್ತಿರಲಿ.

ವಾಪಸ್ ಕೂರಿಸುವ ಬಗ್ಗೆ ಒಂದೇ ಮಾತು, ಆದರೆ ದೊಡ್ಡ ಮಾತು. ಕನ್ವರ್ಟರ್ ಗೇರ್‌ಬಾಕ್ಸಿನೊಳಗೆ ಪೂರ್ತಿ ಕೂತಿರಬೇಕು. ಅದನ್ನು ತಿರುಗಿಸುತ್ತಾ ಒತ್ತಿದರೆ ಒಂದೊಂದೇ ಹಲ್ಲಿಗೆ ಕೂತು ಟಕ್ ಅನ್ನುತ್ತದೆ. ಕೊನೆಯದು ಗೇರ್‌ಬಾಕ್ಸಿನ ಆಯಿಲ್ ಪಂಪಿನದು. ಅದು ಕೂರದಿದ್ದರೆ ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಸಂದು ಉಳಿಯುತ್ತದೆ. ಆಗ ಬೋಲ್ಟ್ ಬಿಗಿದು ಎಳೆದುಕೊಂಡರೆ ಪಂಪ್ ಒಡೆಯುತ್ತದೆ. ಕೈಯಲ್ಲಿ ತಳ್ಳಿದರೆ ಸೇರಬೇಕು. ಸೇರಿದ ಮೇಲೂ ಕನ್ವರ್ಟರ್ ಮತ್ತು ಪ್ಲೇಟಿನ ನಡುವೆ ಕೆಲವು ಮಿಲಿಮೀಟರ್ ಸಡಿಲ ಇರಬೇಕು. ಅದಿದ್ದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಆಯಿಲ್ ಮಾತ್ರ ಕಂಪನಿ ಪುಸ್ತಕದಲ್ಲಿ ಹೇಳಿದ್ದೇ ಹಾಕಿ. ಕೆಂಪಗಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ತಾಯಿ ಕೇಳಿದರು: "ಮಗ ಒಬ್ಬನೇ ಮಾಡ್ತೀನಿ ಅಂತಾನೆ. ನನಗೆ ಇದು ಏನೂ ಗೊತ್ತಿಲ್ಲ. ನಾನು ಏನು ನೋಡಬೇಕು?" ಅಮ್ಮ, ನೀವು ಎರಡೇ ನೋಡಿ. ಅವನು ಕೆಳಗೆ ಮಲಗುವ ಮುಂಚೆ ಕಾರು ಸ್ಟ್ಯಾಂಡ್ ಮೇಲಿದೆಯಾ ಅಥವಾ ಬರೀ ಜಾಕ್ ಮೇಲಿದೆಯಾ. ಹಿಂದಿನ ಚಕ್ರಕ್ಕೆ ಮರದ ತುಂಡು ಇದೆಯಾ. ಎರಡರಲ್ಲಿ ಒಂದಿಲ್ಲದಿದ್ದರೂ ಎಬ್ಬಿಸಿ ನಿಲ್ಲಿಸಿ. ಇಳಿಸುವ ದಿನ ಮಾತ್ರ ಕೆಲಸ ಗೊತ್ತಿರುವ ಇನ್ನೊಬ್ಬರು ಜೊತೆಗಿರಲಿ.

ಇನ್ನೊಬ್ಬರು ಹಳೇ ಆಯಿಲ್ ಏನು ಮಾಡುವುದು ಅಂತ ಕೇಳಿದರು. ಒಳ್ಳೆ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿವೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬಂದು ಕೆರೆಗಳು ತುಂಬುತ್ತಿವೆ, ಆ ನೀರು ನೆಲಕ್ಕೆ ಇಂಗುತ್ತಿದೆ. ಅಂಥ ಊರಿನ ರಾಜಕಾಲುವೆಗೆ ಐದಾರು ಲೀಟರ್ ಆಯಿಲ್ ಸುರಿಯುವುದು ತಪ್ಪು. ಬಳಸಿದ ಆಯಿಲ್ ಕಾನೂನಿನ ಪ್ರಕಾರವೂ ಅಪಾಯಕಾರಿ ತ್ಯಾಜ್ಯ, 2016ರ ನಿಯಮಗಳಲ್ಲಿ ಅದು ಸೇರಿದೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿ. ಕೂಲೆಂಟ್, ಪೆಟ್ರೋಲ್ ಅದಕ್ಕೆ ಬೆರೆಸಬೇಡಿ. ಹಳೇ ಆಯಿಲ್ ತೆಗೆದುಕೊಂಡು ಮರುಶುದ್ಧಿಗೆ ಕೊಡುವ ಗ್ಯಾರೇಜ್ ಅಥವಾ ಸರ್ವಿಸ್ ಸೆಂಟರಿಗೆ ಒಪ್ಪಿಸಿ. ನೆಲಕ್ಕೆ ಬಿದ್ದದ್ದರ ಮೇಲೆ ಮರದ ಹೊಟ್ಟು ಹಾಕಿ ಹೀರಿಸಿ, ಬಾಚಿ ಚೀಲಕ್ಕೆ ತುಂಬಿ. ನೀರು ಹಾಕಿ ತೊಳೆದರೆ ಅದು ನೇರ ಚರಂಡಿಗೇ ಹೋಗುತ್ತದೆ.